ಭಾನುವಾರ ತೆರೆಯುವ ಗೇಟು, ಅಮಾಸಿಗೆ ಬರುವ ಜನ: ಬೈಕಲಾದ ಒಂದು ಹಳೆಯ ಕನ್ನಡ ಸಭೆಯ ಪ್ರಕರಣ

ಮುಂಬೈಯ ಬೈಕಲಾ ಮತ್ತು ರೇ ರೋಡ್ ನಡುವಿನ ಗಲ್ಲಿಯೊಂದರಲ್ಲಿ ಕರಿಕಲ್ಲಿನ ಒಂದು ದೇವಾಲಯ, ಅಂದರೆ ಕನ್ನಡ ಪ್ರೊಟೆಸ್ಟಂಟ್ ಕ್ರೈಸ್ತರ ಚರ್ಚು; ಅಲ್ಲಿ ಕೂಡುವ ಭಕ್ತ ಸಮುದಾಯವೇ ಸಭೆ. ಒಳಗೆ 300 ಜನ ಕೂರುವಷ್ಟು ಸಾಗುವಾನಿ ಬೆಂಚುಗಳು. ಭಾನುವಾರ ಬೆಳಿಗ್ಗೆ 9:30ರ ಕನ್ನಡ ಆರಾಧನೆಗೆ ಬರುವವರು 60, ಮಳೆಗಾಲದಲ್ಲಿ 40. ಅವರಲ್ಲಿ ಮುಕ್ಕಾಲು ಪಾಲು 60 ವರ್ಷ ದಾಟಿದವರು. ಸಂಡೇ ಸ್ಕೂಲಿನಲ್ಲಿ 5 ಮಕ್ಕಳು, ಅವರಲ್ಲಿ ಕನ್ನಡ ಓದಲು ಬರುವುದು ಒಬ್ಬರಿಗೆ. ಆರಾಧನೆ ಮುಗಿದ ಅರ್ಧ ಗಂಟೆಗೆ ಗೇಟಿಗೆ ಬೀಗ ಬಿದ್ದರೆ ಮತ್ತೆ ತೆರೆಯುವುದು ಬುಧವಾರದ ಪ್ರಾರ್ಥನಾ ಕೂಟಕ್ಕೆ.

ಇದು ಯಾವುದೋ ಒಂದು ಸಭೆಯ ಗುಟ್ಟಿನ ವರದಿಯಲ್ಲ. ನಗರದ ಇಂಥ ಹಳೆಯ ಭಾಷಾ ಸಭೆಗಳು ಎದುರಿಸುವ ಸ್ಥಿತಿಯನ್ನು ಒಂದೇ ಅಂಗಳಕ್ಕೆ ತಂದು ಕಟ್ಟಿದ ಮಾದರಿ ಪ್ರಕರಣ. ತಲೆ ಎಣಿಕೆ, ಖರ್ಚಿನ ಲೆಕ್ಕ, ನಡೆದ ಘಟನೆ ಮಾದರಿಯವು. ಕಾನೂನು ಮತ್ತು ಯೋಜನೆಗಳ ನಿಯಮಗಳು ಮಾತ್ರ ಇದ್ದುದನ್ನು ಇದ್ದಂತೆ ಕೊಟ್ಟವು.

ಸಭೆ ಎಲ್ಲಿಗೆ ಹೋಯಿತು

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಶಾಲೆ, ಮುದ್ರಣಾಲಯ, ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳಲ್ಲಿ ಪಳಗಿದ ಮನೆತನಗಳ ಮುಂದಿನ ತಲೆಮಾರು ಮುಂಬೈಗೆ ಬಂತು: ಅಚ್ಚುಮೊಳೆ ಜೋಡಿಸುವವರು, ದಾದಿಯರು, ಶಿಕ್ಷಕರು, ಆಫೀಸಿನ ಗುಮಾಸ್ತರು. ಧಾರವಾಡ, ಹುಬ್ಬಳ್ಳಿ, ಬೀದರದ ಕಡೆಯವರೂ ಸೇರಿಕೊಂಡರು. ಆಗ ಮನೆ ಬೈಕಲಾ, ಮಜಗಾಂವ್, ಆಗ್ರಿಪಾಡಾದ ಚಾಳುಗಳಲ್ಲಿ. ದೇವಾಲಯಕ್ಕೆ ನಡೆದೇ ಬರುತ್ತಿದ್ದರು. ಮಕ್ಕಳು ಓದಿದರು, ಕೆಲಸ ಹಿಡಿದರು, ಡೊಂಬಿವಲಿ, ಮೀರಾ ರೋಡ್, ವಸಾಯಿ, ನೆರೂಲ್‌ಗಳಲ್ಲಿ ಫ್ಲ್ಯಾಟ್ ಕೊಂಡರು. ಸಭೆ ಬಡವಾಗಲಿಲ್ಲ, ದೂರವಾಯಿತು.

ಈ ದೂರಕ್ಕೆ ಲೆಕ್ಕವಿದೆ. ಡೊಂಬಿವಲಿಯಿಂದ ಬೈಕಲಾಗೆ ಸ್ಲೋ ಲೋಕಲ್‌ನಲ್ಲಿ ಒಂದು ಗಂಟೆಯ ಮೇಲೆ. ಮೇಲುಸೇತುವೆ ಹತ್ತಿ ಇಳಿಯಬೇಕು. ಮೊಣಕಾಲು ನೋವಿನವರಿಗೆ ಆ ಮೆಟ್ಟಿಲೇ ಧರ್ಮಸಂಕಟ. ಆರಾಧನೆ ಮುಗಿದು ಚಹಾ ಕುಡಿಯುವಷ್ಟರಲ್ಲಿ 11 ಆಗುತ್ತದೆ. ಹಳಿ ದುರಸ್ತಿಗೆಂದು ರೈಲು ತಡೆಯುವ ಸೆಂಟ್ರಲ್ ರೈಲ್ವೆಯ ಭಾನುವಾರದ ಮೆಗಾಬ್ಲಾಕ್ ಶುರುವಾಗುವುದೂ ಹೆಚ್ಚುಕಡಿಮೆ ಆಗಲೇ. 72 ವರ್ಷದ ಹಿರಿಯರೊಬ್ಬರು ತಿಂಗಳಿಗೆ ಎರಡು ಸಲ ಬಂದರೆ ಅದು ಅವರ ಭಕ್ತಿಗೆ ಸಾಕ್ಷಿಯೇ ಹೊರತು ಉದಾಸೀನಕ್ಕಲ್ಲ. ಹಾಜರಿ ಕುಸಿದದ್ದಕ್ಕೆ "ಈಗಿನವರಲ್ಲಿ ನಂಬಿಕೆ ಇಲ್ಲ" ಎಂದು ಕಮಿಟಿ ಹತ್ತು ವರ್ಷ ಹೇಳಿಕೊಂಡು ಬಂತು. ರೈಲಿನ ವೇಳಾಪಟ್ಟಿಯನ್ನು ಯಾರೂ ಮೇಜಿನ ಮೇಲೆ ಇಡಲಿಲ್ಲ.

ಇತ್ತ ಗೇಟಿನ ಹೊರಗಿನ ಊರೂ ಬದಲಾಯಿತು. 1982ರ ಗಿರಣಿ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಲವು ಚಾಳು ಉಳಿದವು, ಕೆಲವು ಬಿದ್ದು 40 ಮಹಡಿಯ ಗೋಪುರಗಳಾದವು. ಹಾರ್ಬರ್ ಲೈನಿನ ಆಚೆ, ಬಂದರಿನ ಕಡೆಯ ಝೋಪಡಿಗಳಿಗೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಗಾರೆ ಕೆಲಸದವರು ಬಂದರು. ಹಾಗಾಗಿ ದೇವಾಲಯದಿಂದ ಹತ್ತು ನಿಮಿಷದ ನಡಿಗೆಯಲ್ಲಿ ಒಂದಲ್ಲ, ಮೂರು ನೆರೆಹೊರೆ: ಪಗಡಿ (ಮುಂಗಡ ಕೊಟ್ಟು ಹಿಡಿದ ಹಳೆಯ ಬಾಡಿಗೆ) ಚಾಳಿನ ಮರಾಠಿ ಮತ್ತು ಮುಸ್ಲಿಂ ಮನೆಗಳು, ವಾಚ್‌ಮನ್ ದಾಟದೆ ಒಳಹೋಗಲಾಗದ ಗೋಪುರಗಳು, ಕನ್ನಡ ಮಾತು ಕೇಳಿಸುವ ಝೋಪಡಿಗಳು.

ಮೊದಲ ವರ್ಷದ ಎಡವಟ್ಟು

ಸಭೆ ಸುಮ್ಮನೆ ಕೂತಿರಲಿಲ್ಲ. ಕ್ರಿಸ್ಮಸ್‌ಗೆ 200 ಕೇಕ್ ಪೊಟ್ಟಣ ಹಂಚಿತು. ಒಂದು ಭಾನುವಾರ ವೈದ್ಯಕೀಯ ಶಿಬಿರ ಮಾಡಿತು. ಝೋಪಡಿಯ ಮಕ್ಕಳಿಗೆ ಶನಿವಾರ ಸಂಜೆ ಕನ್ನಡ ಪಾಠ ಇಟ್ಟಿತು. ಮೂರೂ ನಿಂತುಹೋದವು.

ಶಿಬಿರದ ಸೋಲು ಹೆಚ್ಚು ಕಲಿಸುವಂಥದ್ದು. 90 ಜನ ಬಂದರು, 22 ಜನರಿಗೆ ರಕ್ತದೊತ್ತಡ ಹೆಚ್ಚು ಕಂಡಿತು, ಎಲ್ಲರಿಗೂ 15 ದಿನದ ಗುಳಿಗೆ ಕೊಟ್ಟು ಕಳಿಸಲಾಯಿತು. ಹದಿನಾರನೆಯ ದಿನ ಏನು ಎಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ರಕ್ತದೊತ್ತಡದ ಮಾತ್ರೆ ಸಾಮಾನ್ಯವಾಗಿ ಜೀವನಪೂರ್ತಿ ನುಂಗುವಂಥದ್ದು. ಅರ್ಧಕ್ಕೆ ನಿಲ್ಲಿಸಿದರೆ ಒತ್ತಡ ಮತ್ತೆ ಏರುತ್ತದೆ, ಆದರೆ ರೋಗಿಗೆ "ಗುಳಿಗಿ ತಗೊಂಡೇನಿ, ಮುಗೀತು" ಎಂಬ ಭಾವ ಉಳಿಯುತ್ತದೆ. ಪಾಲಿಕೆಯ ದವಾಖಾನೆ 600 ಮೀಟರ್ ದೂರದಲ್ಲೇ ಇತ್ತು. ಅಲ್ಲಿಗೆ ಕಳಿಸುವ ಒಂದು ಚೀಟಿ ಬರೆದಿದ್ದರೆ ಶಿಬಿರಕ್ಕಿಂತ ಹೆಚ್ಚು ಪ್ರಯೋಜನವಾಗುತ್ತಿತ್ತು.

ಕನ್ನಡ ಪಾಠದ ಕಥೆ ಬೇರೆ. ಸಭೆಯವರು "ನಮ್ಮ ಕನ್ನಡದವರು" ಎಂದುಕೊಂಡು ಹೋದರು. ಆ ಮನೆಗಳಲ್ಲಿ ಅರ್ಧದಷ್ಟು ಲಂಬಾಣಿ ಆಡುವವರು, ಕೆಲವರದು ದಖ್ಖನಿ ಉರ್ದು. ಕನ್ನಡ ಅವರಿಗೆ ಊರಿನ ಸಂತೆಯ ಭಾಷೆ. ಮಕ್ಕಳು ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಇಲ್ಲವೇ ಉರ್ದು. ಮುಂಬೈ ಪಾಲಿಕೆಗೆ ಕನ್ನಡ ಮಾಧ್ಯಮದ ಶಾಲೆಗಳಿವೆ, ಆದರೆ ಈ ಮಕ್ಕಳ ನಡಿಗೆಯ ದೂರದಲ್ಲಿಲ್ಲ. ತಂದೆತಾಯಿಗೆ ಬೇಕಿದ್ದದ್ದು ಮಗು ಇಂಗ್ಲಿಷಿನಲ್ಲಿ ಅರ್ಜಿ ತುಂಬುವಷ್ಟು ಕಲಿಯುವುದು. ಹಿರಿಯರ ಕನ್ನಡವೋ ದಕ್ಷಿಣ ಕನ್ನಡದ ಶಾಲೆಯದು, ಅದರ ಮೇಲೆ ಬೈಬಲಿನ ಕನ್ನಡದ ಮೆರುಗು. ಗೇಟಿಗೆ ಅಂಟಿಸಿದ ಕಾಗದದಲ್ಲಿ "ಭಾನುವಾರದಂದು ಪಡಿತರ ಚೀಟಿ ಸಂಬಂಧಿತ ನೆರವು ಲಭ್ಯ" ಎಂದಿತ್ತು. ಓದಬಲ್ಲವರೂ ಅದನ್ನು ದಾಟಿ ಹೋದರು. ಅವರಿಗೆ ಅದು ರವಿವಾರ, ಮತ್ತು ಅದು ರೇಷನ್ ಕಾರ್ಡ್.

ಕೇಳುವುದು ಹೇಗೆ

ಎರಡನೆಯ ವರ್ಷ ಮೊದಲು ನಡೆದದ್ದು ನಡಿಗೆ. ಇಬ್ಬಿಬ್ಬರ ನಾಲ್ಕು ಜೋಡಿ, ಪ್ರತಿ ಜೋಡಿಯಲ್ಲಿ ಒಬ್ಬ ಹೆಂಗಸು, ಮೂರು ಶನಿವಾರ ಸಂಜೆ 7ರಿಂದ 9. ಕೈಯಲ್ಲಿ ಕರಪತ್ರವಿಲ್ಲ, ಫಾರಂ ಇಲ್ಲ, ಒಂದು ನೋಟ್‌ಬುಕ್ ಮಾತ್ರ. "ನಿಮಗೇನು ಬೇಕು?" ಎಂದು ಕೇಳಬಾರದು ಎಂಬುದು ಮೊದಲ ನಿಯಮ. ಹಾಗೆ ಕೇಳಿದರೆ ಕೊಡುವವರು ಬಂದಿದ್ದಾರೆಂದು ಕಂಬಳಿ, ಬಕೆಟ್ಟು, ಮನೆ ಎಂದು ಪಟ್ಟಿ ಬೆಳೆಯುತ್ತದೆ, ಕೊಡಲಾಗದೆ ಮುಖ ಕೆಡುತ್ತದೆ. ಕೇಳಿದ್ದು ಎರಡೇ ಪ್ರಶ್ನೆ: ಹೋದ ತಿಂಗಳು ಯಾವ ಕಾಗದಕ್ಕಾಗಿ ಕೆಲಸ ಬಿಟ್ಟು ಅಲೆದಿರಿ? ಅದಕ್ಕೆ ಯಾರಿಗೆ ಎಷ್ಟು ಕೊಟ್ಟಿರಿ?

ಉತ್ತರಗಳು ಒಂದೇ ಕಡೆ ಬಂದು ನಿಂತವು: ರೇಷನ್, ಕಾರ್ಮಿಕ ಕಾರ್ಡು, ಮಗುವಿನ ಶಾಲೆ, ಆಧಾರ್‌ನಲ್ಲಿ ಹೆಸರಿನ ತಪ್ಪು. ದಿನಗೂಲಿ ಬಿಟ್ಟದ್ದು ಒಂದು ನಷ್ಟ, ಏಜೆಂಟನಿಗೆ ತೆತ್ತದ್ದು ಇನ್ನೊಂದು. ಜೊತೆಗೆ ಯಾರೂ ನಿರೀಕ್ಷಿಸದ ಒಂದು ಸಂಗತಿ ಸಿಕ್ಕಿತು. "ರವಿವಾರ ಬರ್ರಿ" ಎಂದಾಗ ಒಬ್ಬ ಹೆಂಗಸು ನಕ್ಕಳು: "ನಮಗ ರವಿವಾರ ಸೂಟಿ ಎಲ್ಲೈತ್ರಿ ಅಕ್ಕಾರ, ಅಮಾಸಿಗಷ್ಟ." ಆ ಕಡೆಯ ಗಾರೆ ಕೆಲಸದವರು ಅಮಾವಾಸ್ಯೆಗೆ ಕೆಲಸ ಹಿಡಿಯುವುದಿಲ್ಲ. ಭಾನುವಾರ ಗೇಟು ತೆರೆದಿಟ್ಟು ಒಂದು ವರ್ಷ ಕಾದದ್ದು ಯಾಕೆ ಫಲಿಸಲಿಲ್ಲ ಎಂಬುದಕ್ಕೆ ಉತ್ತರ ಪಂಚಾಂಗದಲ್ಲಿತ್ತು.

ಹಾಗಾಗಿ ಇಂಥ ಅರ್ಜಿ-ದಾಖಲೆಗಳಿಗೆ ನೆರವಾಗುವ ಕಾಗದದ ಮೇಜು ಶುರುವಾದದ್ದು ಎರಡು ಸಮಯಕ್ಕೆ: ಮಂಗಳವಾರ ಮತ್ತು ಶುಕ್ರವಾರ ರಾತ್ರಿ 7:30ರಿಂದ 9:30, ಅಮಾವಾಸ್ಯೆಯ ದಿನ ಬೆಳಿಗ್ಗೆ 10ರಿಂದ 4. ಎರಡು ಮೇಜು, ನಾಲ್ಕು ಬೆಂಚು, ಒಂದು ಪ್ರಿಂಟರ್, ಎರಡು ಸ್ಮಾರ್ಟ್‌ಫೋನ್. ಮೇಜಿಗೆ ಮೂವರು: ನಿವೃತ್ತ ಬ್ಯಾಂಕ್ ಅಧಿಕಾರಿ, ನಿವೃತ್ತ ನರ್ಸ್, ಹಿಂದಿ-ಮರಾಠಿ ಚೆನ್ನಾಗಿ ಆಡುವ ಒಬ್ಬರು. ಮುದಿ ಸಭೆಯ ನಿಜವಾದ ಆಸ್ತಿ ಕಟ್ಟಡವಲ್ಲ. ಸರ್ಕಾರಿ ಫಾರಂ ಕಂಡರೆ ಹೆದರದ, ಹಗಲಿಗೆ ಪುರುಸೊತ್ತಿರುವ ನಿವೃತ್ತರೇ ಅದರ ಆಸ್ತಿ. ತಿಂಗಳ ಖರ್ಚು 6,500 ರೂಪಾಯಿ: ಇಂಟರ್ನೆಟ್, ಕಾಗದ, ಮಸಿ, ಚಹಾ, ವಿದ್ಯುತ್ತು, ಕಸ ಗುಡಿಸುವವರ ಹೆಚ್ಚುವರಿ ಸಂಬಳ.

ಮೇಜನ್ನು ಒಳಗೆ ಹಾಕಲಿಲ್ಲ, ಹಿಂದಿನ ಗಲ್ಲಿಯ ಕಡೆಯ ವರಾಂಡಾದಲ್ಲಿ ಹಾಕಿದರು. ಮುಂದಿನ ಗೇಟಿನಲ್ಲಿ ವಾಚ್‌ಮನ್ "ಕಿಸ್‌ಸೆ ಮಿಲ್ನಾ ಹೈ?" ಎನ್ನುತ್ತಾನೆ, ಯಾರನ್ನೂ ಹೆಸರು ಹಿಡಿದು ಹೇಳಲಾಗದವರು ಅಲ್ಲಿಂದಲೇ ತಿರುಗುತ್ತಾರೆ. ತಾಮ್ರದ ಕೊಳವೆ ಕಳುವಾದ ಮೇಲೆ ಮುಚ್ಚಿದ್ದ ಹಿಂದಿನ ಮೂರಡಿ ಗೇಟಿನ ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಮೇಲೊಂದು ದೀಪ ಹಾಕಲಾಯಿತು. ಬೀದಿಯಿಂದ ಮೇಜು ಕಾಣಬೇಕು, ಮೇಜಿನಿಂದ ಬೀದಿ ಕಾಣಬೇಕು. ಪಕ್ಕದ ಶೌಚಾಲಯಕ್ಕೆ ಬೀಗ ಹಾಕಬಾರದು ಎಂಬುದು ನರ್ಸ್ ಹಾಕಿದ ಷರತ್ತು. ಮೊದಲ ತಿಂಗಳು ಹೆಂಗಸರು ಹೆಚ್ಚಾಗಿ ಬಂದದ್ದು ಅದಕ್ಕೇ ಇರಬಹುದು.

ರೇಷನ್ನಿನ ಮೇಜಿನಲ್ಲಿ

ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಕರ್ನಾಟಕದ ಕಾರ್ಡಿಗೆ ಮುಂಬೈಯ ರೇಷನ್ ಅಂಗಡಿಯಲ್ಲಿ ಧಾನ್ಯ ಸಿಗುತ್ತದೆ. ಹೊಸ ಕಾರ್ಡು ಬೇಡ, ಅಲ್ಲಿಯದನ್ನು ರದ್ದು ಮಾಡಿಸುವುದೂ ಬೇಡ. ಏಜೆಂಟರು ಹಣ ಕೀಳುವುದು ಈ ತಿಳಿವಳಿಕೆ ಇಲ್ಲದ್ದರಿಂದಲೇ. ಮೇಜಿನಲ್ಲಿ ನೋಡುವ ಕ್ರಮ ಹೀಗೆ. ಮೊದಲು, ಕಾರ್ಡು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪಟ್ಟಿಯದೋ ಅಲ್ಲವೋ. ರಾಜ್ಯ ತನ್ನ ಖರ್ಚಿನಲ್ಲಿ ಕೊಟ್ಟ ಕಾರ್ಡಿಗೆ ಹೊರರಾಜ್ಯದಲ್ಲಿ ಧಾನ್ಯವಿಲ್ಲ. ಆಮೇಲೆ, ಮುಂಬೈಯಲ್ಲಿರುವ ಸದಸ್ಯರ ಆಧಾರ್ ಕಾರ್ಡಿಗೆ ಜೋಡಣೆಯಾಗಿದೆಯೇ. ಜೋಡಣೆ ಆಗದ ಹೆಸರಿಗೆ ಊರಿನಲ್ಲೇ ಕೆಲಸ ಆಗಬೇಕು. ಅದನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಜಾತ್ರೆಗೆ ಹೋದಾಗ ಮಾಡಿಸಿಕೊಂಡು ಬರುತ್ತಾರೆ. ಕೊನೆಗೆ ಕಾರ್ಡಿನ ಸಂಖ್ಯೆ ಹಿಡಿದು ಅಂಗಡಿಗೆ. ಅಂಗಡಿಯವನು ಒಪ್ಪದಿದ್ದರೆ ರೇಷನ್ ಸಹಾಯವಾಣಿ 14445ಕ್ಕೆ ಅವನ ಎದುರಿಗೇ ಫೋನ್.

ಸಿಗುವುದು ಕೇಂದ್ರದ ಪಾಲು ಮಾತ್ರ: ಆದ್ಯತಾ ಕಾರ್ಡಿಗೆ ತಲೆಗೆ 5 ಕೆ.ಜಿ., ಅಂತ್ಯೋದಯಕ್ಕೆ ಕುಟುಂಬಕ್ಕೆ 35 ಕೆ.ಜಿ., 2023ರ ಜನವರಿಯಿಂದ ಉಚಿತ. ಕರ್ನಾಟಕದ ಅನ್ನಭಾಗ್ಯದ ಹೆಚ್ಚುವರಿ ಪಾಲು ಗಡಿ ದಾಟುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ "ನಮ್ಮ ಅಕ್ಕಿ ಅಂಗಡಿಯವ ತಿಂದ" ಎಂಬ ಜಗಳ ಮೇಜಿಗೇ ಬರುತ್ತದೆ.

ಬೆರಳಚ್ಚು ಕೂರದಿರುವುದು ದೊಡ್ಡ ತಲೆನೋವು. ಸಿಮೆಂಟು ಕಲಸಿದ ಕೈಯ ಗೆರೆ ಸವೆದಿರುತ್ತದೆ. ಬೇರೆ ಬೆರಳು ಇಡಿಸಬೇಕು. ಆಗದಿದ್ದರೆ ಅದೇ ಕಾರ್ಡಿನ ಬೇರೆ ಸದಸ್ಯರು ಹೋಗಬೇಕು. ಅಡಿಗೆ ಮನೆಯಲ್ಲಷ್ಟೇ ದುಡಿಯುವ ಸೊಸೆಯ ಹೆಬ್ಬೆಟ್ಟು ಮೇಸ್ತ್ರಿಯದಕ್ಕಿಂತ ಬೇಗ ಕೂರುತ್ತದೆ.

ಮೇಜಿನವರಿಂದಲೇ ಒಂದು ದೊಡ್ಡ ತಪ್ಪಾಯಿತು. ಆರು ಹೆಸರಿನ ಕಾರ್ಡು. ನಾಲ್ವರು ಮುಂಬೈಯಲ್ಲಿ, ಅಜ್ಜ-ಅಜ್ಜಿ ಊರಲ್ಲಿ. ಇಲ್ಲಿ 30 ಕೆ.ಜಿ. ಪೂರ್ತಿ ಎತ್ತಿಸಿಕೊಟ್ಟು ಎಲ್ಲರೂ ಖುಷಿಪಟ್ಟರು. ಮರುವಾರ ಊರಿನಿಂದ ಫೋನ್: ಅಜ್ಜಿಗೆ ಅಂಗಡಿಯಲ್ಲಿ "ನಿಮ್ಮದು ಮುಗಿದಿದೆ" ಎಂದಿದ್ದರು. ಪಾಲು ಒಡೆದು ಎತ್ತಲು ಅವಕಾಶವಿದೆ: ಇಲ್ಲಿ 20, ಅಲ್ಲಿ 10. ಅಂದಿನಿಂದ ಮೇಜಿನ ಮೊದಲ ಪ್ರಶ್ನೆ, "ಊರಾಗ ಯಾರ ಅದಾರ?"

ಉಳಿದ ಕಾಗದಗಳು

ಕಟ್ಟಡ ಕಾರ್ಮಿಕರ ನೋಂದಣಿ ಆಗ 1996ರ ಕಾಯ್ದೆಯದು; 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದವು. ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕೆಲಸ. ಮಂಡಳಿ ಆಯಾ ರಾಜ್ಯದ್ದು, ಹಾಗಾಗಿ ಆಗ ಕರ್ನಾಟಕದ ಕಾರ್ಡು ಇಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಸಿಕ್ಕಿಹಾಕಿಕೊಳ್ಳುವುದು 90 ದಿನದ ಪ್ರಮಾಣಪತ್ರದಲ್ಲಿ. ಕೂಲಿಗೆ ಕರೆಯುವವರನ್ನು ಕಾಯುತ್ತ ನಾಕಾದಲ್ಲಿ (ರಸ್ತೆ ಕೂಡುವಲ್ಲಿ) ನಿಲ್ಲುವವನಿಗೆ ದಿನಕ್ಕೊಬ್ಬ ಠೇಕೇದಾರ; ಯಾರೂ ಸಹಿ ಹಾಕುವುದಿಲ್ಲ, ಹಾಕಿದರೆ ತಮ್ಮ ತಲೆಗೆ ಬರುತ್ತದೆಂಬ ಭಯ. ಮೇಜಿನಿಂದ ಪ್ರತಿಯೊಬ್ಬರಿಗೂ ಒಂದು ಚಿಕ್ಕ ಡೈರಿ ಕೊಟ್ಟರು: ದಿನಾಂಕ, ಜಾಗ, ಮುಕಾದಮನ (ಕೂಲಿಗಾರರ ಮುಂದಾಳಿನ) ಫೋನ್ ನಂಬರು. ಬರೆಯಲು ಬಾರದವರ ಡೈರಿಯನ್ನು ಶಾಲೆಗೆ ಹೋಗುವ ಮಗು ಬರೆಯುತ್ತದೆ. ಇಂಥ ಡೈರಿ ಹಿಡಿದು ಕೇಳಿದಾಗ ಸಹಿ ಸಿಗುವುದು ಹೆಚ್ಚು, ಎಲ್ಲರಿಗೂ ಸಿಗುವುದಿಲ್ಲ.

ಶಾಲೆಯ ವಿಷಯ ಸುಲಭ, ಕಾನೂನು ಗೊತ್ತಿದ್ದರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ವರ್ಗಾವಣೆ ಪತ್ರ ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ನಿರಾಕರಿಸುವಂತಿಲ್ಲ.

ಜಾತಿ ಪ್ರಮಾಣಪತ್ರದ್ದು ಮಾತ್ರ ಮುಳ್ಳಿನ ದಾರಿ. ಲಂಬಾಣಿ, ಭೋವಿ ಸಮುದಾಯಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಬಂಜಾರಾ, ವಡಾರ್ ಎಂದು ವಿಮುಕ್ತ ಜಾತಿಯ ಪಟ್ಟಿಯಲ್ಲಿವೆ. ಊರಿನ ಪ್ರಮಾಣಪತ್ರ ತೋರಿಸಿ ಇಲ್ಲಿನ ರಾಜ್ಯ ಮೀಸಲಾತಿ ಕೇಳಲಾಗದು. ಹಾಗೆಂದು ಅದನ್ನು ಮೂಲೆಗೆ ಎಸೆಯಲೂಬಾರದು, ಕೇಂದ್ರದ ಕೆಲಸ ಮತ್ತು ವಿದ್ಯಾಸಂಸ್ಥೆಗಳಿಗೆ ಅದೇ ಆಧಾರ.

"ಧರ್ಮ ಬದಲಿ ಮಾಡಸ್ತಾರಂತ"

ಈ ಮಾತು ಮೂರನೆಯ ತಿಂಗಳಿಗೇ ಬಂತು. ಅದಕ್ಕೆ ಸಿಟ್ಟಾಗುವ ಬದಲು ಅದರ ಹಿಂದಿನ ಲೆಕ್ಕ ನೋಡಬೇಕು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್ (1956ರಿಂದ), ಬೌದ್ಧ (1990ರಿಂದ) ಅಲ್ಲದವರಿಗೆ ಆ ಸ್ಥಾನವಿಲ್ಲ. ದೇವಾಲಯದ ಯಾವುದೋ ಪುಸ್ತಕದಲ್ಲಿ ತಮ್ಮ ಹೆಸರು ಸೇರಿಕೊಂಡು ನಾಳೆ ಮಗನ ಪ್ರಮಾಣಪತ್ರಕ್ಕೆ ಕುತ್ತು ಬಂದರೆ? ಅವರ ಹೆದರಿಕೆಗೆ ಬುಡವಿದೆ.

ಕಮಿಟಿ ಹಾಕಿಕೊಂಡ ಕಟ್ಟು ಇಷ್ಟು: ಮೇಜಿನಲ್ಲಿ ಪ್ರಾರ್ಥನೆ ಇಲ್ಲ, ಕರಪತ್ರ ಇಲ್ಲ, ಆರಾಧನೆಗೆ ಕರೆಯುವುದಿಲ್ಲ. ಪುಸ್ತಕದಲ್ಲಿ ಟೋಕನ್ ಸಂಖ್ಯೆ, ಫೋನಿನ ಕೊನೆಯ ನಾಲ್ಕು ಅಂಕಿ, ಕೆಲಸದ ಬಗೆ, ಅಷ್ಟೇ. ಧರ್ಮ, ಜಾತಿ ಬರೆಯುವುದಿಲ್ಲ. ಆಧಾರ್ ಝೆರಾಕ್ಸ್ ಇಟ್ಟುಕೊಳ್ಳುವುದಿಲ್ಲ; ಫೋನಿನಲ್ಲಿ ತೆಗೆದ ಚಿತ್ರ ಅರ್ಜಿ ಹೋದೊಡನೆ ಅವರ ಎದುರಿಗೇ ಅಳಿಸಬೇಕು. ಸಹಾಯ ಪಡೆದವರ ಫೋಟೋ ವಾರ್ಷಿಕ ವರದಿಗೆ ಬೇಡ. ಚಾಳಿನ ಒಬ್ಬ ನಿವೃತ್ತ ಉರ್ದು ಶಿಕ್ಷಕರನ್ನೂ ಗಣೇಶೋತ್ಸವ ಮಂಡಳದ ಒಬ್ಬರನ್ನೂ ಮೇಜಿಗೆ ಕೂರಿಸಿದ ಮೇಲೆ ಗುಸುಗುಸು ಕಡಿಮೆಯಾಯಿತು, ನಿಲ್ಲಲಿಲ್ಲ.

ಪ್ರತಿರೋಧ ಒಳಗಿನಿಂದಲೂ ಬಂತು. "ಎರಡು ವರ್ಷದಲ್ಲಿ ಸಭೆಗೆ ಎಷ್ಟು ಜನ ಸೇರಿದರು?" ಎಂದು ಹಿರಿಯರೊಬ್ಬರು ಪ್ರತಿ ಮೀಟಿಂಗಿನಲ್ಲಿ ಕೇಳುತ್ತಿದ್ದರು. ಉತ್ತರ ಸೊನ್ನೆ. ಆ ಕೇಳಿಕೆ ತಪ್ಪಲ್ಲ. ಸುವಾರ್ತೆಗೆಂದೇ ಕಟ್ಟಿದ ಸಂಸ್ಥೆ ಅದು. ಆದರೆ ಮೇಜನ್ನು ಗಾಳದಂತೆ ಬಳಸಿದ್ದರೆ ಅದು ಆರು ತಿಂಗಳೂ ಬಾಳುತ್ತಿರಲಿಲ್ಲ. ಸಭಾಪಾಲಕರು (ಪಾದ್ರಿ) ಇದನ್ನು ವೇದಿಕೆಯಿಂದ ವಾದಿಸಲು ಹೋಗಲಿಲ್ಲ. ಆ ಹಿರಿಯರನ್ನೇ ಒಂದು ಅಮಾವಾಸ್ಯೆ ಮೇಜಿಗೆ ಕೂರಿಸಿದರು. ಪ್ರಶ್ನೆ ಕೇಳುವುದನ್ನು ಅವರು ಬಿಡಲಿಲ್ಲ, ಆದರೆ ಈಗ ಪ್ರಿಂಟರಿನ ಮಸಿ ಅವರೇ ತರುತ್ತಾರೆ.

ಹೆಂಚು ಮತ್ತು ಸಹಿ

ಇಂಥ ಸಭೆಗಳು ಹೆಚ್ಚಾಗಿ ಮುಗ್ಗರಿಸುವುದು ಬೀದಿಯಲ್ಲಲ್ಲ, ಕಡತದಲ್ಲಿ. ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯ್ದೆ, 1950ರ 22ನೇ ಕಲಮಿನ ಪ್ರಕಾರ ಸಭೆಯ ಆಸ್ತಿಯ ಟ್ರಸ್ಟಿ ಬದಲಾದರೆ 90 ದಿನದೊಳಗೆ ಟ್ರಸ್ಟುಗಳ ಮೇಲ್ವಿಚಾರಣೆ ಮಾಡುವ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ ಕೊಡಬೇಕು. ಇಲ್ಲಿ ಕೊಟ್ಟಿರಲಿಲ್ಲ. ದಾಖಲೆಯಲ್ಲಿದ್ದ ಐವರು ಟ್ರಸ್ಟಿಗಳಲ್ಲಿ ಮೂವರು ತೀರಿಹೋಗಿದ್ದರು, ಒಬ್ಬರು ವಿದೇಶದಲ್ಲಿ ಮಗಳ ಮನೆಯಲ್ಲಿದ್ದರು. ಬ್ಯಾಂಕು ಹೊಸ ಸಹಿ ಒಪ್ಪಲಿಲ್ಲ. ಮೇಜಿನ 6,500 ರೂಪಾಯಿ ಒಂಬತ್ತು ತಿಂಗಳು ಸದಸ್ಯರ ಜೇಬಿನಿಂದ ಹೋಯಿತು. ತೀರಿಹೋದವರ ಮರಣ ಪತ್ರ, ಚುನಾವಣೆಯ ಠರಾವು, ಹೊಸಬರ ಒಪ್ಪಿಗೆ ಪತ್ರ, ತಡಕ್ಕೆ ಮಾಫಿ ಅರ್ಜಿ ಎಲ್ಲ ಜೋಡಿಸಿ ವಕೀಲರ ಮೂಲಕ ಹಾಕಬೇಕಾಯಿತು. ಕೆಲಸ ಶುರುಮಾಡುವ ಮುಂಚೆ ನೋಡಬೇಕಾದ ಮೊದಲ ಕಾಗದ ಇದು.

ಅದೇ ಕಾಯ್ದೆಯ 36ನೇ ಕಲಮಿನಂತೆ ಕಟ್ಟಡವನ್ನು ಮೂರು ವರ್ಷಕ್ಕಿಂತ ಹೆಚ್ಚು ಅವಧಿಗೆ ಲೀಸ್ ಕೊಡಲು ಕಮಿಷನರ ಪೂರ್ವಾನುಮತಿ ಬೇಕು. ಗೋಪುರದ ಬಿಲ್ಡರೊಬ್ಬ ಅಂಗಳದ ಪಾರ್ಕಿಂಗಿಗೆ ಒಳ್ಳೆಯ ಮೊತ್ತ ಹೇಳಿದಾಗ ಕಮಿಟಿ ಬಚಾವಾದದ್ದು ಈ ಕಲಮಿನಿಂದ.

ಹಣದ ಜಗ್ಗಾಟ ಚಾವಣಿಯದು. 30 ವರ್ಷ ಮೀರಿದ ಕಟ್ಟಡಕ್ಕೆ ಪಾಲಿಕೆಯ ಕಾಯ್ದೆಯ 353ಬಿ ಪ್ರಕಾರ ರಚನಾ ತಪಾಸಣೆ ಆಗಬೇಕು. ವರದಿ ಸಿ2-ಬಿ ಎಂದಿತು: ಖಾಲಿ ಮಾಡಬೇಕಿಲ್ಲ, ರಚನೆಯ ದುರಸ್ತಿ ಬೇಕು. ಮೇಲಿರುವುದು ಮಂಗಳೂರು ಹೆಂಚು. ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಶುರುಮಾಡಿದ ಉದ್ಯಮದ ಕುಡಿ. 100 ಚದರಡಿಗೆ ಸುಮಾರು 140 ಹೆಂಚು. ಒಡೆದದ್ದನ್ನಷ್ಟೇ ಬದಲಿಸೋಣವೆಂದರೆ ಬೇರೆ ಕಾರ್ಖಾನೆಯ ಹೆಂಚಿನ ಗಾಡಿ (ಒಂದಕ್ಕೊಂದು ಕೂಡುವ ತೋಡು) ಹಳೆಯದಕ್ಕೆ ಕೂರುವುದಿಲ್ಲ, ಸಂದಿನಲ್ಲಿ ನೀರಿಳಿಯುತ್ತದೆ. ಒಂದು ಇಳಿಜಾರಿನ ಹಳೆಯ ಹೆಂಚನ್ನೆಲ್ಲ ಇಳಿಸಿ ಇನ್ನೊಂದರ ತೂತು ಮುಚ್ಚಿ, ಖಾಲಿಯಾದ ಇಳಿಜಾರಿಗೆ ಹೊಸ ಹೆಂಚು ಹೊದಿಸುವುದು ಸರಿಯಾದ ದಾರಿ, ಅದೂ ಮೇ ಮುಗಿಯುವ ಮೊದಲು. ಹಿಂದೊಮ್ಮೆ ಕಲ್ಲಿನ ಗೋಡೆಗೆ ಸಿಮೆಂಟು ಮೆತ್ತಿದ್ದು ದೊಡ್ಡ ತಪ್ಪು: ಒಳಗಿನ ತೇವ ಹೊರಬರಲಾಗದೆ ಕಲ್ಲಿನ ಸಂದಿನ ಸುಣ್ಣ ಪುಡಿಯಾಯಿತು. ಅದನ್ನು ಕೆತ್ತಿ ಮತ್ತೆ ಸುಣ್ಣದ ಗಾರೆಯನ್ನೇ ತುಂಬಬೇಕಾಯಿತು. ಆ ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಸಿಕ್ಕಿದ್ದು ಮಂಗಳವಾರದ ಮೇಜಿನ ಸಾಲಿನಲ್ಲಿ, ಟೋಕನ್ ಹಿಡಿದು ಕೂತಿದ್ದ. ಅವನಿಗೆ ಮಾರುಕಟ್ಟೆಯ ಪೂರ್ತಿ ಕೂಲಿ ಕೊಟ್ಟು, 90 ದಿನದ ಲೆಕ್ಕಕ್ಕೆ ಸಹಿಯನ್ನೂ ಹಾಕಿಕೊಟ್ಟರು.

ಮೂರನೆಯ ವರ್ಷದ ಕೊನೆಗೆ ಮೇಜಿಗೆ ಒಂದು ಸಂಜೆಗೆ 15ರಿಂದ 20, ಅಮಾವಾಸ್ಯೆಗೆ 50 ಟೋಕನ್. ಭಾನುವಾರದ ಹಾಜರಿ 60ರಿಂದ 55ಕ್ಕೆ ಇಳಿದಿದೆ. ನಿವೃತ್ತ ಬ್ಯಾಂಕ್ ಅಧಿಕಾರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಬರಲಾಗುತ್ತಿಲ್ಲ. ಅವರ ಕುರ್ಚಿಯಲ್ಲಿ ಈಗ ಝೋಪಡಿಯ ಒಬ್ಬ ಹೆಂಗಸು, ಹತ್ತನೇ ತರಗತಿ ಓದಿದವಳು, ಲಂಬಾಣಿ, ಕನ್ನಡ, ಮರಾಠಿ ಮೂರೂ ಆಡುವವಳು. ಹಿಂದಿನ ಗೇಟಿನ ಕೀಲಿ ಅವಳ ಬಳಿಯೇ ಇರುತ್ತದೆ. ಆದರೆ ಟ್ರಸ್ಟಿನ ನಿಯಮಾವಳಿಯಲ್ಲಿ ಖರ್ಚಿನ ವೋಚರಿಗೆ ಸಹಿ ಮಾಡುವವರು ಸಭೆಯ ಪೂರ್ಣ ಸದಸ್ಯರೇ ಆಗಿರಬೇಕು. 80 ರೂಪಾಯಿಯ ಕಾಗದ ತಂದರೂ ಅವಳು ಡೊಂಬಿವಲಿಯಿಂದ ಯಾರಾದರೂ ಬರುವವರೆಗೆ ಕಾಯುತ್ತಾಳೆ. ತಿದ್ದುಪಡಿಯ ಪ್ರಸ್ತಾಪ ಮುಂದಿನ ವಾರ್ಷಿಕ ಮಹಾಸಭೆಯ ಪಟ್ಟಿಯಲ್ಲಿ ಏಳನೆಯದು, ಚಾವಣಿಯ ಎರಡನೆಯ ಇಳಿಜಾರಿನ ನಂತರ.